ಅಂಗೈಯಗಲದ ಕೆಂಪು

ಜನವರಿ ೫, ಬೆಳಿಗ್ಗೆ ೧೧

ಎಡಗಡೆ ಬಾಗಿಲಿಗೆ ಮೂರನೇ ಸಲ ಎಣ್ಣೆ ಪಾಲಿಶ್ ಮೆತ್ತಿದ್ದಾಯಿತು. ನಾಳೆವರೆಗೆ ಮುಟ್ಟಬಾರದು. ಕುಡಿಯಲಿ, ಪಾಪ. ಇಪ್ಪತ್ತು ವರ್ಷ ಬಿಸಿಲಲ್ಲಿ ನಿಂತವಳು. ಫೈರ್ ಎಂಜಿನ್ ಹೋಗಿ ಪೌಡರ್ ಬಳಿದುಕೊಂಡ ಮದುಮಗಳಾಗಿದ್ದಾಳೆ — ಗುಲಾಬಿ ಮುಖ, ಮುಟ್ಟಿದರೆ ಕೈಗೆ ಹಿಟ್ಟು.

ಪೇಂಟರ್ ಹೇಳಿದ್ದು ಬರೆದಿಡಬೇಕು. ಹೊಸ ಬಣ್ಣ ಹೊಡೆಯಲು ಸ್ಟೇಷನ್ನಿನವರು ಕರೆಸಿದ್ದು ಅವನನ್ನೇ. ಒಂದು ಮೂಲೆ ಉಜ್ಜಿ ಬಟ್ಟೆ ತೋರಿಸಿದ. ಬಟ್ಟೆ ಕೆಂಪು. "ಇದು ಹಳೇ ಕಾಲದ ಪೇಂಟು ಅಜ್ಜ. ಈಗಿನ ಗಾಡಿ ಥರ ಮೇಲೆ ಗಾಜಿನಂಥ ಪದರ ಇಲ್ಲ. ಮೇಲಿಂದ ಕೆಳಗಿನ ತನಕ ಬಣ್ಣಾನೇ. ಸತ್ತಿರೋದು ಮೇಲಿನ ಚರ್ಮ ಅಷ್ಟೆ. ಎಣ್ಣೆ ಕುಡಿಸಿ, ಕೈಯಲ್ಲೇ ಉಜ್ಜಿ. ಮಿಷನ್ ಹಚ್ಚಿದ್ರೆ ತಗಡು ಕಾಣುತ್ತೆ." ಬಂದ ಕೆಲಸ ತಾನೇ ಕೈಬಿಟ್ಟು ನನಗೆ ವಿದ್ಯೆ ಕೊಟ್ಟು ಹೋದ. ಇಂಥವರಿಗೆ ಏನನ್ನಬೇಕು... ಅಪ್ಪಿಕೊಂಡೆ. ಅವನ ಅಂಗಿಗೂ ಪಾಲಿಶ್ ಆಯಿತು.

ಮೇಡಂ — ಈಗಿನ ಸ್ಟೇಷನ್ ಆಫೀಸರ್ — ಮೂವತ್ತರವರೆಗೆ ಗಡುವು ಕೊಟ್ಟಿದ್ದಾರೆ. ಅವತ್ತು ಗಾಡಿ ಪ್ರದರ್ಶನಕ್ಕೆ ಗೇಟಿನ ಪಕ್ಕದ ಕಟ್ಟೆ ಏರಬೇಕು. "ಒಂದೇ ಸಮ ಬಂದ್ರೆ ಸರಿ. ತೇಪೆ ತೇಪೆ ಕಂಡ್ರೆ ಸ್ಪ್ರೇನೇ. ತಮಾಷೆ ಬೇಡ ಅಜ್ಜ."

ನಾನು ನಿವೃತ್ತನಾದರೂ ನನ್ನ ಕೀರ್ತಿ ಇನ್ನೂ ಡ್ಯೂಟಿಯಲ್ಲಿದೆ.

ಜನವರಿ ೭

ಗಂಟೆ ಬಂದ. ಹತ್ತಕ್ಕೆ ಸರಿಯಾಗಿ, ಫ್ಲಾಸ್ಕು, ಮಡಚೋ ಕುರ್ಚಿ ಸಮೇತ. ಇದೇ ಗಾಡಿಯ ಡ್ರೈವರ್ ಆಗಿದ್ದವನು. ಎಡಕ್ಕೆ ತಿರುಗಿಸುವಾಗಲೆಲ್ಲ ಗಂಟೆ ಬಾರಿಸುತ್ತಿದ್ದ — ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ. ಹೆಸರಿಟ್ಟವನು ನಾನು. ಅವನು ನನಗಿಟ್ಟದ್ದು ಕಿಡಿಗೇಡಿ. ಬೆಂಕಿ ಆರಿಸುವವರ ನಡುವೆ ಕಿಡಿಯೂ ನಾನೇ, ಗೇಡಿಯೂ ನಾನೇ.

"ಎಷ್ಟು ಉಜ್ತೀಯೋ? ಹೆಂಡ್ತಿ ಬೆನ್ನು ಒಂದಿನ ಉಜ್ಜಿದ್ಯಾ?"

"ಅವಳು ಬಣ್ಣ ಬಿಡಲ್ಲ ಕಣೋ."

ಬಾನೆಟ್ ಮುಗಿಯಿತು. ಏನು ಕೆಂಪು! ಇಷ್ಟು ದಿನ ಒಳಗೇ ಕೂತಿತ್ತು. ಗಂಟೆ ಬಗ್ಗಿ ತನ್ನ ಮುಖ ನೋಡಿಕೊಂಡ. "ಯಾರೋ ಮುದುಕ ಒಳಗೆ ಸಿಕ್ಕಾಕ್ಕೊಂಡಿದ್ದಾನೆ, ಏಣಿ ತಗೊಂಬಾ."

ಮನೆಯಲ್ಲಿ ಹಗ್ಗದ ತುಂಬ ಕೆಂಪು ಟವೆಲ್ಲು. "ಪಕ್ಕದ ಮನೆಯವರು ನಾನು ನಿನ್ನ ಮುಗಿಸಿದೆ ಅಂದ್ಕೊಂಡಿದ್ದಾರೆ. ತುಂಬಾ ಸಮಾಧಾನದಿಂದ ಮಾತಾಡ್ಸಿದ್ರು" ಅಂದಳು ಇವಳು.

ಜನವರಿ ೧೧

ಎಡ ಬಾಗಿಲ ಕೆಳಗೆ ಅಂಗೈಯಗಲ ಜಾಗ. ಉಜ್ಜಿದೆ. ಬಟ್ಟೆ ಬಿಳಿ. ಮತ್ತೆ ಉಜ್ಜಿದೆ. ಬಿಳಿಯೇ. ಸುತ್ತಲೂ ಕಡುಗೆಂಪು ಮೇಲೆದ್ದಿದೆ, ಮಧ್ಯೆ ಇಟ್ಟಿಗೆ ಬಣ್ಣದ ತೇಪೆ. ಎಲ್ಲ ಒಟ್ಟಿಗೆ ಮಾಸಿದ್ದಾಗ ಕಾಣುತ್ತಿರಲಿಲ್ಲ.

ಪೇಂಟರ್ ಕೆಲಸ ಹೇಗಾಗಿದೆ ಅಂತ ನೋಡಲು ಬಂದಿದ್ದ. ಉಗುರಿಂದ ತಟ್ಟಿದ. "ಇದು ಗಾಡಿ ಬಣ್ಣ ಅಲ್ಲ. ಮರಳಿನ ಬಕೆಟ್ಟಿಗೆ ಬಳೀತಾರಲ್ಲ, ಅದು. ಬ್ರಶ್ ಗೆರೆ ನೋಡಿ. ಯಾರೋ ಕದ್ದು ಮುಚ್ಚಿದ್ದಾರೆ."

ಗಂಟೆ ಕುರ್ಚಿಯಿಂದಲೇ ಕೂಗಿದ: "ಕದ್ದಿದ್ದಲ್ಲ ಕಣಪ್ಪಾ! ತಪ್ಪು ನಂದು. ಯಾವುದೋ ಸಂದೀಲಿ ಗೋಡೆಗೆ ತಗಲಿಸ್ಕೊಂಡು ಬಂದಿದ್ದೆ, ನಂಗೇ ಗೊತ್ತಾಗಿರಲಿಲ್ಲ. ಸಾಹೇಬರ ಕಣ್ಣಿಗೆ ಬೀಳೋ ಮುಂಚೆ ಇವನು ಬಳಿದು ನನ್ನ ಮಾನ ಉಳಿಸಿದ. ಮೂವತ್ತೊಂದು ವರ್ಷ ಆಯ್ತು, ಮರೆತಿಲ್ಲ ನಾನು."

ನನಗೆ ಟೀ ಸುರಿದ. ಕುಡಿದೆ. ಸಕ್ಕರೆ ಇತ್ತೋ ಇಲ್ಲವೋ.

ಜನವರಿ ೧೨, ಮಧ್ಯಾಹ್ನ

ಬರೆದೇ ಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಅವತ್ತು, ಮೂವತ್ತೊಂದು ವರ್ಷದ ಹಿಂದೆ, ಗಂಟೆ ಊಟಕ್ಕೆ ಹೋಗಿದ್ದ. ಬಂದು ನೋಡಿದರೆ ಗಾಡಿ ಮಾಯವಾಗಿರಬೇಕು — ಅಷ್ಟೇ ನನ್ನ ತಮಾಷೆ. ವಾಟರ್ ಟ್ಯಾಂಕ್ ಹಿಂದೆ ಬಚ್ಚಿಡಲು ಹೊರಟೆ. ಟ್ಯಾಂಕಿನ ಪಕ್ಕದ ಕಲ್ಲುಕಂಬಕ್ಕೆ ಎಡಗಡೆ ಉಜ್ಜಿತು. ನಾನಾಗ ಖಾಯಂ ಆಗಿರಲಿಲ್ಲ, ಲೈಸೆನ್ಸೂ ಇರಲಿಲ್ಲ. ವಾಪಸ್ ತಂದು ನಿಲ್ಲಿಸಿದೆ. ಬಕೆಟ್ ಬಣ್ಣ ಬಳಿದೆ. ಅವನು ಬಂದು, "ಏನೋ ಇದು?" ಅಂದ. "ನೀನು ಎಲ್ಲೋ ತಗಲಿಸಿದ್ದೀಯ. ನಾನು ಮುಚ್ಚಿದ್ದೀನಿ, ಸುಮ್ನಿರು" ಅಂದುಬಿಟ್ಟೆ. ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು!

ಖಾಯಂ ಆದ ಮೇಲೆ ಹೇಳೋಣ ಅಂದುಕೊಂಡೆ. ಆಮೇಲೆ... ಹೊಸ ಲ್ಯಾಡರ್ ಟ್ರಕ್, ಉದ್ದ ಏಣಿಯ ಗಾಡಿ, ಬಂತು. ಓಡಿಸಲು ಮೊದಲು ಕರೆದದ್ದು ಅವನನ್ನೇ. ಅವನು ಒಲ್ಲೆ ಅಂದ. "ಅಷ್ಟುದ್ದ ಗಾಡಿ ಬೇಡ ಸಾರ್, ನನ್ನ ಎಡಗಡೆ ಮೇಲೆ ನನಗೆ ನಂಬಿಕೆ ಇಲ್ಲ." ಆಗಲೂ ನಾನು ಬಾಯಿ ಬಿಡಲಿಲ್ಲ. ಎಡಕ್ಕೆ ತಿರುಗುವಾಗ ಗಂಟೆ ಬಾರಿಸಲು ಶುರುಮಾಡಿದ್ದೂ ಬಣ್ಣ ಬಳಿದ ಆ ದಿನದಿಂದಲೇ. ನಾನು ಅದನ್ನೇ ಹೆಸರು ಮಾಡಿ ನಗಿಸಿದೆ.

ಜನವರಿ ೧೪

ಸುಲಭದ ದಾರಿಯೊಂದಿದೆ. ಮೇಡಂಗೆ "ಕೈಲಾಗಲ್ಲ" ಅಂದರೆ ಸಾಕು. ಸ್ಪ್ರೇ ಬರುತ್ತೆ. ಉಜ್ಜಿ ತಗಡಿಗಿಳಿಸಿ ಹೊಸ ಕೆಂಪು. ತೇಪೆಯೂ ಇಲ್ಲ, ಕಥೆಯೂ ಇಲ್ಲ. ಒಳಗಿಂದ ಎದ್ದು ಬಂದ ಈ ಕೆಂಪೂ ಇಲ್ಲ.

ಸದ್ಯಕ್ಕೆ ಆ ಜಾಗಕ್ಕೆ ಒಂದು ಟವೆಲ್ ನೇತುಹಾಕಿದ್ದೇನೆ.

ಇವಳು: "ಮೂರು ದಿನದಿಂದ ಉಪ್ಪಿನ ಡಬ್ಬೀಲಿ ಸಕ್ಕರೆ ಹಾಕಿಲ್ಲ. ಮೈಗೆ ಹುಷಾರಿಲ್ವಾ?" ಹೇಳಿದೆ, ಎಲ್ಲ. ಹಿಟ್ಟು ನಾದುವುದು ನಿಲ್ಲಿಸಿದಳು. "ಗಂಟೆಯವರಿಗೆ ಹೇಳು. ಸಿಗಿದು ಹಾಕಲ್ಲ. ಹಾಕಿದ್ರೆ ನಂಗೂ ಹೇಳಿ ಕಳಿಸು, ಬಂದು ನೋಡ್ತೀನಿ."

ಜನವರಿ ೨೦

ಹೇಳಿದೆ. ಟವೆಲ್ ತೆಗೆದು, ಅಂಗೈ ಅದರ ಮೇಲಿಟ್ಟುಕೊಂಡೇ ಹೇಳಿದೆ. ಮೊದಲು ನಕ್ಕ, ಇದೂ ಒಂದು ತಮಾಷೆ ಅಂತ. ನಾನು ನಗಲಿಲ್ಲ.

"ಅಂದ್ರೆ... ಸಂದೀಲಿ ತಗಲಿಲ್ಲ?"

"ಇಲ್ಲ."

"ನನ್ನ ಎಡಗಡೆ ಸರಿಯಾಗೇ ಇತ್ತು?"

"ಸರಿಯಾಗೇ ಇತ್ತು ಕಣೋ. ಯಾವತ್ತೂ."

ತುಂಬ ಹೊತ್ತು ಗಾಡಿಯ ಎಡಗಡೆಯನ್ನೇ ನೋಡಿದ, ಮುಂದಿನಿಂದ ಹಿಂದಿನವರೆಗೆ. ಆಮೇಲೆ, "ಲ್ಯಾಡರ್ ಟ್ರಕ್ ಬಿಟ್ಟೆನಲ್ಲೋ" ಅಂದ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಮಡಚಿಕೊಂಡು ಹೋದ. ಫ್ಲಾಸ್ಕು ಇಲ್ಲೇ ಉಳಿಯಿತು.

ಜನವರಿ ೨೧

ಹತ್ತು ಗಂಟೆ. ಯಾರೂ ಇಲ್ಲ.

ಜನವರಿ ೨೨

ಹತ್ತಾಯಿತು. ಹನ್ನೊಂದೂ ಆಯಿತು. ಹಿಂದಿನ ಬಂಪರ್ ಪಾಲಿಶ್.

ಜನವರಿ ೨೬

ಮೇಡಂ ಸುತ್ತು ಹಾಕಿ ನೋಡಿದರು. ತೇಪೆಯ ಹತ್ತಿರ ನಿಂತರು. ಅವರಿಗೂ ಹೇಳಿದೆ — ಈಗ ಅಭ್ಯಾಸವಾಗಿದೆ. "ಉಳಿದಿದ್ದೆಲ್ಲ ಒಂದೇ ಸಮ ಬಂದಿದೆ ಅಜ್ಜ, ಕಣ್ಣಿಗೆ ಹಬ್ಬ. ಇದನ್ನ ಇಡೋದೋ ಸ್ಪ್ರೇ ಹೊಡಿಸೋದೋ ಗಂಟೆ ಅಜ್ಜ ಹೇಳಲಿ. ಗಾಡಿ ಅವರದು." ನ್ಯಾಯ. ಅವರಿಗೂ ಕೈ ಮುಗಿದೆ. ಈ ತಿಂಗಳಲ್ಲಿ ಜೋಡಿಸಿದ ಕೈ ಇಳಿಸಿದ್ದೇ ಕಡಿಮೆ.

ಅವನ ಮನೆಗೆ ಫ್ಲಾಸ್ಕು ತೊಳೆದು ಒಯ್ದೆ. ಬಾಗಿಲು ತೆರೆದದ್ದು ಅವನ ಮಗಳು. "ಅಪ್ಪ ಮಲಗಿದ್ದಾರೆ ಮಾವ." ಒಳಗೆ ರೇಡಿಯೊ ಹಾಡುತ್ತಿತ್ತು. ಮೇಡಂ ಹೇಳಿದ್ದನ್ನು ಅವಳಿಗೆ ತಿಳಿಸಿ ಬಂದೆ.

ಜನವರಿ ೨೯

ಕೊನೆಯ ಕೋಟ್ ಮೇಣ. ಗಾಡಿ ಅಲ್ಲ, ಕನ್ನಡಿ. ತೇಪೆಗೂ ಹಚ್ಚಿದೆ, ಪಂಕ್ತಿಭೇದ ಯಾಕೆ? ಮೆಕ್ಯಾನಿಕ್ ಎಂಜಿನ್ ಸ್ಟಾರ್ಟ್ ಮಾಡಿ ನೋಡಿದ. ಒಂದೇ ಕೂಗಿಗೆ ಎದ್ದಳು.

ಅವನು ಬಂದಿಲ್ಲ.

ಜನವರಿ ೩೦, ಬೆಳಿಗ್ಗೆ ೭:೪೦

ಅಕ್ಷರ ಹೇಗೆ ಬಂದರೂ ಸರಿ, ಬರೆಯುತ್ತೇನೆ.

ಏಳಕ್ಕೆ ಬಂದೆ. ಶೆಡ್ ಖಾಲಿ! ನೆಲದ ಮೇಲೆ ನಾಲ್ಕು ಹನಿ ಆಯಿಲ್, ನನ್ನ ಟವೆಲ್ಲು, ಅಷ್ಟೇ. ಸ್ಪ್ರೇಗೆ ಒಯ್ದರು ಅಂದುಕೊಂಡೆ. ಗಂಟೆ ತೇಪೆ ಬೇಡ ಅಂದಿದ್ದಾನೆ. ಅವನ ಹಕ್ಕು. ಮೆಟ್ಟಿಲ ಮೇಲೆ ಕೂತೆ. ವಾಚ್‌ಮನ್‌ನನ್ನು ಕೇಳಿದರೆ ಆಕಾಶ ನೋಡುತ್ತಾನೆ. "ಸ್ಪ್ರೇನೋ ಏನೋ... ಗಂಟೆ ಸದ್ದು ಕೇಳಿಲ್ಲಪ್ಪ ನಾನು."

ಆಗ ಕಂಡದ್ದು — ಟೈರಿನ ಗುರುತು. ಟ್ಯಾಂಕಿನ ಕಡೆಗೆ.

ಟ್ಯಾಂಕಿನ ಹಿಂದೆ ನನ್ನ ಮದುಮಗಳು. ಸ್ಟೀರಿಂಗ್ ಹಿಂದೆ ಗಂಟೆ, ಇಸ್ತ್ರಿ ಅಂಗಿ, ಕೈಯಲ್ಲಿ ಟೀ.

"ಹೆದರಿದ್ಯಾ?"

"ಸತ್ತೆ."

"ಮೂವತ್ತೊಂದು ವರ್ಷ ತಡ ಆಯ್ತು ನಿನ್ನ ತಮಾಷೆ. ನಾನೇ ಮುಗಿಸಿದೆ. ಎಡಗಡೆ ಹೋಗಿ ನೋಡು."

ನೋಡಿದೆ. ಅದೇ ಕಲ್ಲುಕಂಬ. ಕಂಬಕ್ಕೂ ಗಾಡಿಗೂ ನಡುವೆ ನನ್ನ ಅಂಗೈ ತೂರಿತು, ಅಷ್ಟೇ. ಗೀರಿಲ್ಲ. ಒಂದು ಗೀರೂ ಇಲ್ಲ!

"ತೇಪೆ?" ಅಂದೆ.

"ಇರಲಿ. ಬಂದವರಿಗೆಲ್ಲ ತೋರಿಸಿ ನೀನೇ ಕಥೆ ಹೇಳ್ಬೇಕು. ನಾನು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತು ಕೇಳ್ತೀನಿ. ದಿನಾ. ಹತ್ತಕ್ಕೆ. ಸಿಟ್ಟು ಇನ್ನೂ ಇದೆ ಕಣೋ, ಹೋದಾಗ ಹೇಳ್ತೀನಿ. ಈಗ ಗಾಡಿ ಹತ್ತು."

ಹತ್ತಿದೆ. ಎಡ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಗಾಡಿ ಹೊರಟಿದೆ. ಕಟ್ಟೆಗೆ ಹೋಗಲು ಗೇಟಿನ ಹತ್ತಿರ ಎಡಕ್ಕೆ ತಿರುಗಬೇಕು. ಗಂಟೆಯ ಹಗ್ಗ ಸುಮ್ಮನೆ ತೂಗುತ್ತಿದೆ, ಅವನ ಎರಡೂ ಕೈ ಸ್ಟೀರಿಂಗ್ ಮೇಲೆ. "ಬರೀಬೇಡ, ಎಡಗಡೆ ನೋಡೋ!" ಅಂತ ಗದರಿಸುತ್ತಿದ್ದಾನೆ. ನಾನು ನೋಡುವುದೇನಿದೆ, ಅವನೇ —