ನೀರಿನ ದೀಪ

ಮಂಗಳವಾರ, ಮಧ್ಯಾಹ್ನ

ನನ್ನ ರಿಪೇರಿ ರಾಣಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಶನಿವಾರ ಬಂತು. ಓದಿ ಮಡಚಿಟ್ಟೆ, ಮತ್ತೆ ತೆಗೆದು ಓದಿದೆ. ಫೋನಿನಲ್ಲಿ ಮಾತಾಡೋಣವೆಂದರೆ ನೀನು ಅಳುತ್ತೀಯ, ನಾನು ಸುಮ್ಮನಾಗುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ ಆಸ್ಪತ್ರೆಯಿಂದ ಬಂದು ಆರು ದಿನವಾಯಿತು. ದವಡೆಯ ಕೆಳಗೆ ಕುಯ್ದ ಗಾಯ ಒಣಗುತ್ತಿದೆ. ತೆಳ್ಳಗೆ ಮಾಡಿ ಏನು ಕೊಟ್ಟರೂ ನುಂಗುತ್ತಾರೆ.

ನಾಲ್ಕು ಪುಟ ತುಂಬಾ ನೀನು ಬರೆದದ್ದು ಇಷ್ಟು. ನೀನು ಮಾಡಿಕೊಟ್ಟ ದೀಪದ ಯಂತ್ರದಲ್ಲಿ ಏನೋ ತಪ್ಪಿತ್ತು, ಅದಕ್ಕೇ ನೋವಿನ ಕೆಂಪು ದೀಪ ಒಮ್ಮೆಯೂ ಹತ್ತಲಿಲ್ಲ, ಅದಕ್ಕೇ ಅಪ್ಪನ ಹಲ್ಲಿನ ಕೀವು ಗಂಟಲಿಗಿಳಿದು ಜೀವಕ್ಕೇ ಬಂತು. ಇನ್ನು ನೀನು ಬೆಸುಗೆ ಕಡ್ಡಿ ಮುಟ್ಟುವುದಿಲ್ಲ, ತಿಂಗಳ ಕೊನೆಗೆ ಓದು ಬಿಟ್ಟು ಯಾವುದಾದರೂ ಅಂಗಡಿಯಲ್ಲಿ ಕೂರುತ್ತೀಯ, ಮೇಷ್ಟ್ರಿಗೂ ಹೇಳಿಯಾಗಿದೆ.

ಮೊದಲು ಆ ಮೇಷ್ಟ್ರ ಹತ್ತಿರ ಹೋಗಿ ಹೇಳಿದ ಮಾತನ್ನು ವಾಪಸ್ಸು ತಗೋ. ಯಾಕೆ ಅಂತ ಬರೆಯುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಬರೆಯುತ್ತೇನೆ, ಬೇಸರಿಸಬೇಡ. ನೇರವಾಗಿ ಶುರು ಮಾಡಿದರೆ ಅರ್ಧಕ್ಕೇ ಹರಿದು ಹಾಕುತ್ತೇನೆ. ಈಗಾಗಲೇ ಎರಡು ಹಾಳೆ ಹಾಗೆ ಹೋಗಿವೆ.

ನಿನ್ನ ಅಪ್ಪ ಇಪ್ಪತ್ತೆಂಟು ವರ್ಷ ಮಗ್ಗದ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು. ನೂರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಬಾಯಿಮಾತು ಯಾರಿಗೆ ಕೇಳಿಸುತ್ತದೆ? ಅಲ್ಲಿ ಎಲ್ಲ ಬೆರಳಲ್ಲೇ. ಒಂದು ಬೆರಳೆತ್ತಿದರೆ ನೂಲು, ಎರಡೆತ್ತಿದರೆ ಎಣ್ಣೆ, ಮುಷ್ಟಿ ಹಿಡಿದರೆ ನಿಲ್ಲಿಸು. ಅದನ್ನೇ ಮನೆಗೂ ತಂದರು. ಮನೆಯಲ್ಲಿ ಸದ್ದಿರಲಿಲ್ಲವಲ್ಲ, ಬೆರಳಿಗೆ ಚಿಟಿಕೆಯೂ ಸೇರಿಕೊಂಡಿತು. ಒಂದು ಚಿಟಿಕೆಗೆ ನೀರು, ಎರಡಕ್ಕೆ ಊಟ, ಮೂರಕ್ಕೆ ಅಂಗಿ. ನಾನು ಒದ್ದೆ ಕೈ ಒರೆಸಿಕೊಂಡು, ಲೋಟ ಹಿಡಿದು, ಓಡಿಹೋಗಿ ನಿಂತರೆ ಎಷ್ಟೋ ಸಲ ತಲೆ ಎತ್ತದೆ ‘ಬೇಡ, ಒಯ್ಯಿ’ ಅನ್ನುತ್ತಿದ್ದರು. ಬಾಯಾರಿಕೆ ಏನೂ ಇರುತ್ತಿರಲಿಲ್ಲ. ಬರುತ್ತಾಳೋ ಇಲ್ಲವೋ ನೋಡುವುದಷ್ಟೇ. ನಿನ್ನ ತಮ್ಮ ಮಾತು ಕಲಿಯುವ ಮೊದಲು ಚಿಟಿಕೆ ಕಲಿತ. ನೀನು ಆರನೇ ಕ್ಲಾಸಿನಲ್ಲಿದ್ದಾಗ ‘ನಮ್ಮಮ್ಮ ಸ್ವಿಚ್ ಇದ್ದ ಹಾಗೆ’ ಅಂದಿದ್ದೆ. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ.

ಪಾರ್ಶ್ವವಾಯು ಎರಡನೇ ಸಲ ಬಡಿದಾಗ ಅವರ ಮಾತು ಹೋಯಿತು, ಕೈಕಾಲು ಹೋಯಿತು, ಎಡಗೈ ಹೆಬ್ಬೆರಳೊಂದು ಉಳಿಯಿತು. ನೀನು ಗೋಡೆಗೊರಗಿ ಅತ್ತೆ. ನಾನೇನು ಮಾಡಿದೆ ಗೊತ್ತಾ? ಆಸ್ಪತ್ರೆಯಿಂದ ಮನೆಗೆ ಕರೆತಂದ ಮೂರನೇ ದಿನ ಬಿಸಿಬಿಸಿ ಊಟ ಮಾಡಿದೆ. ಬಡಿಸಿಕೊಂಡು ಕೂತವಳು ತಟ್ಟೆ ಖಾಲಿಯಾಗುವವರೆಗೆ ಒಮ್ಮೆಯೂ ಏಳಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲು. ಅವರನ್ನು ನಾನು ಕೊಳಕಿಗೆ ಬಿಡಲಿಲ್ಲ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ನೀರು, ಔಷಧ, ಎಲ್ಲ ಹೊತ್ತು ಹೊತ್ತಿಗೆ ಆಗುತ್ತಿತ್ತು. ಬೆನ್ನಿನಲ್ಲಿ ಒಂದು ಹುಣ್ಣಾಗಲಿಲ್ಲ. ಆದರೆ ಎಲ್ಲವನ್ನೂ ಗಡಿಯಾರ ನೋಡಿ ಮಾಡುತ್ತಿದ್ದೆ. ಕರೆಯುವವರು ಇರಲಿಲ್ಲ. ಏಳು ತಿಂಗಳು ಹಾಗೆ ಕಳೆಯಿತು.

ಆಮೇಲೆ ನೀನು ರಜೆಗೆ ಬಂದೆ, ಚೀಲದಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಆ ಬೋರ್ಡು ಹಿಡಿದುಕೊಂಡು. ಎರಡು ದಿನ ಅಡುಗೆಮನೆ ತುಂಬಾ ಸುಟ್ಟ ಸೀಸದ ವಾಸನೆ. ಹಾಸ್ಟೆಲಿನಿಂದ ಬಂದಿದ್ದ ತಮ್ಮನ ಹಳೇ ಗೇಮ್ ಕಂಟ್ರೋಲರ್ ಕಸಿದುಕೊಂಡೆ. ‘ಅಪ್ಪನ್ನೂ ಗೇಮಿಗೆ ಹಚ್ಚತೀಯಾ ಅಕ್ಕಾ? ಇನ್ನು ನನ್ನ ರೆಕಾರ್ಡ್ ಉಳಿದ ಹಾಗೇ’ ಅಂತ ಅವನು ಗೊಣಗಿದ. ನೀನು ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದೆ. ಗುಂಡಿ ಒತ್ತಿದ ಸುದ್ದಿ ತಂತಿಯಿಲ್ಲದೆ ಗಾಳಿಯಲ್ಲೇ ಬೋರ್ಡಿಗೆ ಹೋಗುತ್ತದೆ, ಯಾವ ಗುಂಡಿ ಅಂತ ನಿನ್ನ ಪ್ರೋಗ್ರಾಂ ನೋಡುತ್ತದೆ, ಆ ಗುಂಡಿಯ ಎಲ್‌ಇಡಿ ಹತ್ತಿಸುತ್ತದೆ, ನಾನು ಬಂದು ಆರಿಸುವವರೆಗೂ ಅದು ಆರುವುದಿಲ್ಲ. ದೀಪಗಳನ್ನು ಒಲೆಯ ಎದುರಿನ ಗೋಡೆಗೆ ಅಂಟಿಸಿದೆ, ನಾನು ಎಲ್ಲಿ ನಿಂತರೂ ಕಾಣಲಿ ಅಂತ. ದಿಕ್ಕಿನ ಗುಂಡಿ ಕೆಳಕ್ಕೊತ್ತಿದರೆ ನೀಲಿ, ನೀರು. ಎಡಕ್ಕೆ ಹಸಿರು, ಮಗ್ಗುಲು. ಬಲಕ್ಕೆ ಹಳದಿ, ಬಟ್ಟೆ ಬದಲಿಸುವುದು. ಮೇಲಕ್ಕೆ ಕೆಂಪು, ನೋವು. ‘ನೋವಿನದನ್ನು ತಪ್ಪಿ ಒತ್ತಬಾರದಲ್ಲಮ್ಮಾ, ಅದಕ್ಕೇ ಮೇಲಿಟ್ಟಿದೀನಿ’ ಅಂದೆ. ನಿನ್ನ ಹೆಬ್ಬೆರಳಿನಿಂದ ನೂರು ಸಲ ಒತ್ತಿ ನೋಡಿದೆ, ತಮ್ಮನ ಹೆಬ್ಬೆರಳಿನಿಂದಲೂ ಒತ್ತಿಸಿದೆ. ಕೊನೆಗೆ ಅಪ್ಪನ ಅಂಗೈಗೆ ಪಟ್ಟಿ ಹಾಕಿ ಕಟ್ಟಿದೆ. ಅವರು ಕೆಳಕ್ಕೊತ್ತಿದರು, ನೀಲಿ ಹತ್ತಿತು. ನೀನು ಕುಣಿದೆ. ಆಮೇಲೆ ಎಲ್ಲರೂ ತಿರುಗಿ ನನ್ನನ್ನು ನೋಡಿದಿರಿ. ನಾನು ನೀರು ತರಲು ಎದ್ದೆ.

ಇಂಥದ್ದೊಂದು ಬೇಕಾ ಅಂತ ನನ್ನನ್ನು ಯಾರೂ ಕೇಳಲಿಲ್ಲ.

ನೀನು ಹೊರಟ ಮಾರನೆಯ ದಿನವೇ ಕಂಡಿತು. ಅವರ ಹೆಬ್ಬೆರಳು ಮಡಚುತ್ತದೆ, ಚಾಚುವುದಿಲ್ಲ. ಎಡಕ್ಕೆ ಬಲಕ್ಕೆ ಹೇಗೋ ಹೊರಳುತ್ತದೆ. ಮೇಲಕ್ಕೆ ಹೋಗಲು ನಡುಗುತ್ತಾ ಅರ್ಧ ಏರಿ, ಸೋತು, ಕೆಳಗಿನ ಗುಂಡಿಯ ಮೇಲೇ ಬೀಳುತ್ತದೆ. ಏಳು ತಿಂಗಳು ಆ ಕೈ ತೊಳೆದವಳು ನಾನು, ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ‘ಎಲ್ಲ ಸರಿ ಇದೆಯಾ ಅಮ್ಮಾ’ ಅಂತ ನೀನು ಫೋನಿನಲ್ಲಿ ಕೇಳಿದೆ. ‘ಬಹಳ ಚೆನ್ನಾಗಿದೆ, ನಿನ್ನ ಕೈಗುಣ’ ಅಂದೆ. ಒಂದು ಮಾತು ಹೇಳಿದ್ದರೆ ನೀನು ಐದು ನಿಮಿಷದಲ್ಲಿ ಗುಂಡಿಗಳನ್ನು ಅದಲುಬದಲು ಮಾಡುತ್ತಿದ್ದೆ. ಹೇಳಲಿಲ್ಲ. ದಿನಕ್ಕೆ ಐವತ್ತು ಸಲ ನೀಲಿ ಹತ್ತುತ್ತಿತ್ತು. ಲೋಟ ಒಯ್ದರೆ ಬಾಯಿ ಬಿಗಿಹಿಡಿಯುತ್ತಿದ್ದರು. ‘ಬೇಡ, ಒಯ್ಯಿ’ ಅನ್ನುವುದು ಮಾತಿಲ್ಲದೆಯೇ ಮನೆಗೆ ಮರಳಿತ್ತು. ನನ್ನನ್ನು ಓಡಿಸಲು ಇವರಿಗೆ ಮೂರು ಗುಂಡಿ ಸಾಕು, ನಾಲ್ಕನೆಯದು ಕೈಗೆಟುಕದೆ ಇರಲಿ ಅಂದುಕೊಂಡೆ.

ಹಲ್ಲು ಕೊಳೆತದ್ದು ಅದಾದ ಮೇಲೆ. ನೀಲಿ ಹತ್ತಿತು, ನೀರು ಒಯ್ದೆ, ಕುಡಿಯಲಿಲ್ಲ. ತಿರುಗಿ ಅಡುಗೆಮನೆಗೆ ಬರುವಷ್ಟರಲ್ಲಿ ಮತ್ತೆ ನೀಲಿ. ಹಸಿರು ಹತ್ತಿತು, ಮಗ್ಗುಲು ಹೊರಳಿಸಿದೆ, ನೋಯುವ ಕೆನ್ನೆಯ ಮೇಲೇ ಹೊರಳಿಸಿದೆ. ಹೆಬ್ಬೆರಳು ಮೇಲಕ್ಕೆ ಏರುವುದನ್ನೂ ಬೀಳುವುದನ್ನೂ ಪಕ್ಕದಲ್ಲೇ ನಿಂತು ನೋಡಿದೆ. ಇದು ನೀರಲ್ಲ ಅಂತ ನನಗೆ ಎರಡನೇ ದಿನವೇ ಗೊತ್ತಿತ್ತು. ಆದರೂ ಲೋಟ ತುಟಿಗೆ ಹಿಡಿದು ‘ನೀರು ತಾನೇ ಕೇಳಿದ್ದು? ಕುಡೀರಿ’ ಅಂದೆ. ತಣ್ಣೀರು ಹಲ್ಲಿಗೆ ತಾಗಿ ಕಣ್ಣಲ್ಲಿ ನೀರು ಬಂತು. ‘ಬೇಡವಾ? ಸರಿ, ಒಯ್ತೀನಿ’ ಅಂದೆ. ಮಾತು ನನ್ನದು, ದನಿ ಮಾತ್ರ ಅವರದೇ. ನಾಲ್ಕು ದಿನ ಹೀಗೆ ನಡೆಯಿತು. ಹದಿನೈದು ದಿನಕ್ಕೊಮ್ಮೆ ಬರುವ ನರ್ಸ್ ಬಂದವಳೇ ‘ಏನಮ್ಮಾ ಇದು, ದವಡೆ ಇಷ್ಟು ಊದಿದೆ, ಇವರು ಏನೂ ಹೇಳಲಿಲ್ವಾ?’ ಅಂತ ಕೇಳಿದಳು. ‘ನೀರು ಕೇಳ್ತಿದ್ರು’ ಅಂದೆ. ಸುಳ್ಳೇನಲ್ಲವಲ್ಲ.

ಹಾಗಾಗಿ ನಿನ್ನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಬೇಡ. ಅದು ಒತ್ತಿದ್ದಕ್ಕೆ ಸರಿಯಾಗಿ ಹತ್ತಿದೆ. ನಿನ್ನ ತಪ್ಪು ಒಂದೇ, ಅಪ್ಪನ ಹೆಬ್ಬೆರಳನ್ನು ನಿನ್ನ ಹೆಬ್ಬೆರಳಿನಲ್ಲಿ ಅಳೆದೆ. ಅದು ತಿದ್ದುವಂಥ ತಪ್ಪು. ಬೆಸುಗೆ ಕಡ್ಡಿ ತೆಗೆ, ಓದು ಮುಗಿಸು. ಮುಂದೆ ಯಾರ ಮನೆಗೆ ಏನು ಮಾಡಿಕೊಟ್ಟರೂ ಮಲಗಿದವರ ಕೈಯನ್ನು ಹಿಡಿದು ನೋಡು, ಜೊತೆಗೆ ಓಡಾಡುವವರ ಮುಖವನ್ನೂ ನೋಡು.

ಕ್ಷಮಿಸು ಅಂತ ಬರೆಯುವುದಿಲ್ಲ. ಅವರ ಮೇಲೆ ನನಗೆ ಇವತ್ತಿಗೂ ಕನಿಕರ ಹುಟ್ಟಿಲ್ಲ, ಹುಟ್ಟಿದೆ ಅಂತ ಬರೆದರೆ ನೀನು ನಂಬಲೂಬಾರದು. ಇದನ್ನು ಓದಿದ ಮೇಲೆ ನನಗೆ ಕಾಗದ ಬರೆಯಲು ಮನಸ್ಸಾಗದಿದ್ದರೆ ತಮ್ಮನಿಗೆ ಬರೆ. ನೀನು ಓದಿಗೆ ಮರಳಿದೆ ಅನ್ನುವ ಸುದ್ದಿ ಅವನ ಬಾಯಿಂದ ಬಂದರೂ ಸಾಕು.

ಇಂತಿ,
ನಿನ್ನನ್ನು ಹೆತ್ತ ಅಮ್ಮ

ಬರೆದು ಮುಗಿಸಿದ ಮೇಲೆ: ಮೇಲೆ ನಾಲ್ಕು ದಿನ ಎಂದು ಬರೆದಿದ್ದೇನೆ. ನರ್ಸಿಗೂ ಡಾಕ್ಟರಿಗೂ ಹಾಗೇ ಹೇಳಿದ್ದೆ, ಹೇಳಿ ಹೇಳಿ ಕೈಗೂ ಅದೇ ರೂಢಿಯಾಗಿದೆ. ಹನ್ನೊಂದು ದಿನ.