ಓದದೆ ಮಗುಚಿದ ಹನ್ನೊಂದು ಹಾಳೆ

ನನ್ನ ಅಬ್ಬನಿಗೂ ಅವರ ಮಗಳಾದ ನನಗೂ ಕನ್ನಡದ ಅಕ್ಷರ ಕಲಿಸಿದ ಮಾಸ್ಟ್ರೇ,

ನೀವು ಯಾರನ್ನೂ ಹೇಗಿದ್ದೀ ಎಂದು ಕೇಳಿದವರಲ್ಲ. ಮೆಟ್ಟಿಲಿಳಿದು ಬರುವ ನನ್ನ ಚಪ್ಪಲಿಯ ಸದ್ದು ಕಿವಿಗೆ ಬಿದ್ದೊಡನೆ, ನಾನಿನ್ನೂ ಹೊಸ್ತಿಲು ದಾಟುವ ಮೊದಲೇ, "ಈಗ ಎಂತ ಓದ್ತಾ ಇದ್ದೀ ಸಫಿಯಾ?" ಎನ್ನುತ್ತಿದ್ದಿರಿ. ಕೆಮಿಸ್ಟ್ರಿ ಎಂದರೆ, "ಅದು ಪರೀಕ್ಷೆಗೆ. ನಿನಗೆ ಎಂತ ಓದ್ತಾ ಇದ್ದೀ?" ಎಂದು ಮತ್ತೆ ಕೇಳುತ್ತಿದ್ದಿರಿ. ನೀವು ಹೋಗಿ ಏಳು ತಿಂಗಳಾಯಿತು. ಈ ಏಳು ತಿಂಗಳಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಮೊದಲ ಎಂಟು ಪುಟ ಕಳೆದುಹೋದ, ಹೆಸರೇನೆಂದು ನಿಮಗೂ ಮರೆತುಹೋಗಿದ್ದ, ಕಂದು ಕಾಗದದ ಬೈಂಡು ಹಾಕಿದ ನಿಮ್ಮ ಆ ಕಾದಂಬರಿಯನ್ನು ಕಳೆದ ವಾರದವರೆಗೆ ಓದುತ್ತಿದ್ದೆ. ನಿಮಗೆ ಅರ್ಧಕ್ಕಿಂತ ಹೆಚ್ಚು ಓದಿ ಹೇಳಿದ್ದೆನಲ್ಲ, ಅದೇ. ಈ ಸಲ ಮೊದಲಿನಿಂದ.

ಅಬ್ಬ ನನ್ನನ್ನು ನಿಮ್ಮೆದುರು ನಿಲ್ಲಿಸಿದ ದಿನ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಗಲ್ಫಿನ ಈ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ವಿಲ್ಲಾದ ಮೇಲಿನ ಭಾಗದಲ್ಲಿ ನಾವು. ಕೆಳಗೆ ನಿಮ್ಮ ಮಗ ಸತೀಶ್ ಅಂಕಲ್ ಮತ್ತು ವೀಣಾ ಆಂಟಿ. ಆ ಮನೆಯನ್ನು ಅವರಿಗೆ ಹುಡುಕಿಕೊಟ್ಟದ್ದೇ ಅಬ್ಬ, ತನ್ನ ಮಾಸ್ಟ್ರ ಮಗನೆಂಬ ಒಂದೇ ಕಾರಣಕ್ಕೆ. ವೀಸಾ ಮಾಡಿಸಿ ಅವರು ನಿಮ್ಮನ್ನು ಊರಿನಿಂದ ಕರೆಸಿಕೊಂಡ ಮರುದಿನವೇ ಅಬ್ಬ ನನ್ನ ಕೈ ಹಿಡಿದು ಕೆಳಗೆ ತಂದರು.

"ಮಾಸ್ಟ್ರೇ, ಇವಳು ನನ್ನ ಮಗಳು. ಯಾವಾಗಲೂ ಕ್ಲಾಸಿಗೆ ಫಸ್ಟ್. ಆದ್ರೆ ಕನ್ನಡ ಒಂದಕ್ಷರ ಬರುದಿಲ್ಲ."

"ನಿನಗೆ ಬರ್ತಿತ್ತಾ ಹಮೀದ? ಒತ್ತಕ್ಷರ ಕಂಡ್ರೆ ನೇತ್ರಾವತಿ ಹಾರುವವ ನೀನು."

ಗೋದಾಮಿನಲ್ಲಿ ನಲವತ್ತು ಜನರನ್ನು ಒಂದು ಕೂಗಿಗೆ ನಿಲ್ಲಿಸುವ ಅಬ್ಬ, ನಿಮ್ಮೆದುರು ಕೈಕಟ್ಟಿ ನಿಂತು ಬೆಂಚಿನ ಮೇಲಿನ ಹುಡುಗನಂತೆ ನಕ್ಕರು. ನನಗೆ ಕನ್ನಡದ ಅಗತ್ಯವಿಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. "ಅಗತ್ಯ ಇದ್ದದ್ದನ್ನು ಕತ್ತೆಯೂ ಕಲೀತದೆ" ಎಂದಿರಿ ನೀವು. ಆ ಮಾತು ನನ್ನ ಅಹಂಕಾರಕ್ಕೆ ನಾಟಿತು. ಒಂದೇ ವರ್ಷದಲ್ಲಿ ಓದಿದೆ. ಎರಡನೆಯ ವರ್ಷಕ್ಕೆ ಬರೆದೆ. ಉದ್ದದ ವಾಕ್ಯ ಕಟ್ಟುವವಳು ಅದರ ಕೊನೆಯವರೆಗೂ ಉಸಿರು ಉಳಿಸಿಕೊಳ್ಳಬೇಕೆಂದು ನೀವು ಹೇಳಿದ್ದು ಈಗ ಈ ಪತ್ರ ಬರೆಯುವಾಗಲೂ ನೆನಪಿದೆ. ಆದರೆ ಉಸಿರು...

ಸಕ್ಕರೆ ಕಾಯಿಲೆ ನಿಮ್ಮ ಎರಡನೆಯ ಕಣ್ಣನ್ನೂ ತೆಗೆದುಕೊಂಡ ಮೇಲೆ, ಒಂದು ಸಂಜೆ, ತಲೆದಿಂಬಿನ ಕೆಳಗಿನಿಂದ ಆ ಪುಸ್ತಕವನ್ನು ತೆಗೆದು ನನ್ನ ಕೈಗಿಟ್ಟಿರಿ. ಊರಿನಿಂದ ಬರುವಾಗ ನೀವು ತಂದಿದ್ದ ಒಂದೇ ಪುಸ್ತಕ. "ಭಾನುವಾರ ಮೂರು ಗಂಟೆಗೆ ಬಾ. ಬೇರೆ ದಿನ ಬೇಡ" ಎಂದಿರಿ. ಭಾನುವಾರವೇ ಏಕೆ ಎಂದು ನಾನು ಕೇಳಲಿಲ್ಲ. ನಿಮ್ಮ ಕೋಣೆಯ ಬಾಗಿಲು ತೆರೆದೇ ಇರಬೇಕೆಂಬುದು ನಿಮ್ಮ ಎರಡನೆಯ ಷರತ್ತು. ಹಾಲ್‌ನ ಸೋಫಾದಿಂದ ಸತೀಶ್ ಅಂಕಲ್ ಪ್ರತಿ ವಾರವೂ ಕೂಗುತ್ತಿದ್ದರು.

"ಸಫಿಯಾ, ಬಾಗಿಲು ಹಾಕು ಮಾರಾಯ್ತಿ! ಎ.ಸಿ. ಎಲ್ಲ ಹೊರಗೆ ಹೋಗ್ತದೆ!"

"ಹೋಗ್ಲಿ ಮಗಾ, ನನಗೆ ಉಸಿರು ಕಟ್ತದೆ" ಎನ್ನುತ್ತಿದ್ದಿರಿ ನೀವು. ಮತ್ತೆ ನನ್ನ ಕಡೆ ತಿರುಗಿ, "ದೊಡ್ಡದಾಗಿ ಓದು. ಹಾಲ್‌ನಲ್ಲಿ ಇದ್ದವರಿಗೂ ಕೇಳ್ಬೇಕು."

ನಿಮ್ಮ ಕಿವಿಯೂ ಮಂದವಾಗುತ್ತಿದೆಯೆಂದು ನಾನು ತಿಳಿದೆ. ನನ್ನ ಬುದ್ಧಿ ಅಷ್ಟೇ ಇತ್ತು, ಮಾಸ್ಟ್ರೇ.

ಕಥೆಯ ಬಗ್ಗೆ ನಾವು ಜಗಳವಾಡಿದ್ದು ನೆನಪಿದೆಯೇ? ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಜೀವಮಾನ ಸವೆಸಿದ ಮುದುಕನೊಬ್ಬನನ್ನು ಮಗಳು ಮುಂಬೈಯ ಚಾಳ್‌ನಲ್ಲಿರುವ ತನ್ನ ಮನೆಗೆ ಕರೆದೊಯ್ಯುತ್ತಾಳೆ. ಅಷ್ಟೇ ಕಥೆ. ಏನೂ ನಡೆಯುವುದಿಲ್ಲ ಎಂದು ನಾನು ದೂರಿದೆ. ಅಳಿಯನ ಪಾತ್ರ ದುರ್ಬಲ, ಮಗಳು ಪುಟಕ್ಕೊಮ್ಮೆ ಅಳುತ್ತಾಳೆ, ಲೇಖಕ ಯಾರೇ ಆಗಿರಲಿ ಅರ್ಧ ಪುಸ್ತಕವನ್ನು ಕತ್ತರಿಸಬಹುದಿತ್ತು ಎಂದೆ. "ನೀನು ಪೇಪರ್ ತಿದ್ದುವ ಟೀಚರ್ ಹಾಗೆ ಓದ್ತಿ. ಮಾರ್ಕು ಎಷ್ಟು ಕೊಡ್ತೀ?" ಎಂದು ನಕ್ಕಿರಿ. ನಾನು ನೂರಕ್ಕೆ ಐವತ್ತೈದು ಎಂದೆ. "ಪಾಸಾಯ್ತಲ್ಲ, ಸಾಕು" ಎಂದಿರಿ. ನೀವು ನಕ್ಕದ್ದನ್ನು ನಾನು ನೋಡಿದ ಕೊನೆಯ ಸಲ ಅದೇ ಇರಬೇಕು.

ಆ ಜಗಳದ ನಂತರದ ಭಾನುವಾರ ಬಂದಾಗ ನನ್ನ ಕೆಮಿಸ್ಟ್ರಿ ಪೂರ್ವಸಿದ್ಧತಾ ಪರೀಕ್ಷೆಗೆ ಒಂದೇ ದಿನ ಉಳಿದಿತ್ತು. ಎರಡನೆಯ ಸ್ಥಾನದಲ್ಲಿದ್ದ ಹುಡುಗಿ ನನಗಿಂತ ಮೂರೇ ಅಂಕ ಹಿಂದಿದ್ದಳು. ಹದಿನಾಲ್ಕನೆಯ ಅಧ್ಯಾಯ ತೆರೆದೆ: ಜೇಡಿಮಣ್ಣು. ಮಣ್ಣನ್ನು ಹೇಗೆ ಅಗೆಯುವುದು, ಹೇಗೆ ತುಳಿಯುವುದು, ಅಚ್ಚಿಗೆ ಹಾಕುವ ಮೊದಲು ಎಷ್ಟು ಹೊತ್ತು ಸುಮ್ಮನೆ ಬಿಡುವುದು... ಎರಡು ಪುಟ ಓದಿದೆ, ಮಣ್ಣೇ ಮುಗಿಯಲಿಲ್ಲ. ಅಧ್ಯಾಯದ ಕೊನೆ ಎಲ್ಲಿದೆಯೆಂದು ಬೆರಳಿನಲ್ಲೇ ಅಳೆದು ಹನ್ನೊಂದು ಹಾಳೆಗಳನ್ನು ಒಟ್ಟಿಗೆ ಮಗುಚಿದೆ. ಸದ್ದಾಗದಂತೆ ಮಗುಚಿದೆ, ಏಕೆಂದರೆ ನೀವು ಕಣ್ಣಿಲ್ಲದವರು. ಕಥೆ ತುಂಡಾಗಬಾರದೆಂದು ನಡುವೆ ನನ್ನದೇ ಒಂದು ವಾಕ್ಯವನ್ನೂ ಸೇರಿಸಿದೆ: "ಹೀಗೆ ಮಳೆಗಾಲ ಕಳೆಯುವ ಹೊತ್ತಿಗೆ ಮುದುಕನು ಮಗಳ ಮನೆಗೆ ಸಂಪೂರ್ಣವಾಗಿ ಒಗ್ಗಿಹೋಗಿದ್ದನು." ನೀವು ಕಲಿಸಿದ ಶೈಲಿಯಲ್ಲೇ ಕಟ್ಟಿದ ಆ ವಾಕ್ಯ ಎಷ್ಟು ಚೆನ್ನಾಗಿ ಕೂತಿದೆಯೆಂದು ಹೆಮ್ಮೆಪಟ್ಟು, ಧ್ವನಿ ಏರಿಸಿ, ಸ್ಪಷ್ಟವಾಗಿ ಓದಿದೆ.

ನೀವು ಕೈ ಎತ್ತಿದಿರಿ.

"ಆ ಅಧ್ಯಾಯ ಮುಗೀತಾ?"

"ಮುಗೀತು ಮಾಸ್ಟ್ರೇ."

"ಬೇಗ ಮುಗೀತಲ್ಲ."

"ನಾನು ಫಾಸ್ಟ್ ಓದ್ತೇನಲ್ಲ."

"ಹೌದು" ಎಂದಿರಿ. ಎತ್ತಿದ ಕೈಯನ್ನು ಮಡಿಲಿಗಿಳಿಸಿ ಮತ್ತೊಮ್ಮೆ, "ಹೌದು, ನೀನು ಫಸ್ಟ್ ಅಲ್ವಾ."

ಮುಂದಿನ ಭಾನುವಾರ ನಾನು ಬಂದು ಎಂದಿನಂತೆ ಬಾಗಿಲನ್ನು ಗೋಡೆಗೆ ಒತ್ತಿ ನಿಲ್ಲಿಸಲು ಹೋದಾಗ, "ಹಾಕು ಸಫಿಯಾ. ಎ.ಸಿ. ಹೋಗ್ತದೆ" ಎಂದಿರಿ. ಹಾಲ್‌ನಿಂದ ಯಾರೂ ಕೂಗಿರಲಿಲ್ಲ. ನಾನು ಬಾಗಿಲು ಹಾಕಿದೆ. ದೊಡ್ಡದಾಗಿ ಓದಲು ತೊಡಗಿದಾಗ, "ಮೆಲ್ಲ ಓದು, ಸಾಕು" ಎಂದಿರಿ. ಅಂದು ನಿಮ್ಮ ಮುಖ ಹೇಗಿತ್ತು? ಎಷ್ಟು ಯೋಚಿಸಿದರೂ ನನಗೆ ನೆನಪಾಗುವುದಿಲ್ಲ. ನಾನು ನೋಡಿರಲೇ ಇಲ್ಲವೇನೋ. ಗಡಿಯಾರ ನೋಡಿದ್ದು ಮಾತ್ರ ನೆನಪಿದೆ.

ಹದಿನೈದು ದಿನಗಳಲ್ಲಿ ಜ್ವರ ಬಂತು, ಎದೆಗೆ ಇಳಿಯಿತು, ಆಸ್ಪತ್ರೆಯಿಂದ ನೀವು ಮರಳಲಿಲ್ಲ. ದೇಹವನ್ನು ಊರಿಗೆ ಕಳುಹಿಸುವುದೇ ಎಂದು ಅಬ್ಬ ಕೇಳಿದರು. ಸತೀಶ್ ಅಂಕಲ್, "ಪೆಟ್ಟಿಗೆಯಲ್ಲಿ ಹಾಕಿ ಕಳಿಸಿ ಎಂತ ಮಾಡುದು ಹಮೀದಣ್ಣ? ಅವರಿಗೆ ಇದೇ ಮನೆ ಆಗಿತ್ತು" ಎಂದರು. ಇಲ್ಲಿನ ನಗರದ ಹೊರಗಿನ ಮರಳಿನ ಬಯಲಿನಲ್ಲಿರುವ ದಹನಗೃಹದಲ್ಲಿ ಎಲ್ಲವೂ ಮುಗಿಯಿತು. ಅದಕ್ಕೂ ಮೊದಲು ನಿಮ್ಮ ವೀಸಾ ರದ್ದು ಮಾಡಿಸಬೇಕಾಯಿತು. ಸತ್ತವರೂ ಇಲ್ಲಿಂದ ಕಾಗದ ಸರಿಮಾಡಿಕೊಂಡೇ ಹೋಗಬೇಕೆಂಬುದು ನನಗೆ ಗೊತ್ತಿರಲಿಲ್ಲ. ಕೌಂಟರಿನಾಚೆಯವನು "ಖಲಾಸ್" ಎಂದು ಕಾಗದ ಹಿಂದಿರುಗಿಸಿದನಂತೆ. ಆ ಪದವನ್ನು ಹೇಳುವಾಗ ಅಬ್ಬ ಮುಖ ತಿರುಗಿಸಿಕೊಂಡರು.

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ದಿನ ಶಾಲೆಗೇ ನಾನು ಮೊದಲನೆಯವಳು. ಈ ಸುದ್ದಿ ನಿಮಗೆ ತಲುಪಿರಲಿಲ್ಲ ಅಲ್ಲವೇ? ಅಂದು ಸಂಜೆ ಸ್ವೀಟ್ ಬಾಕ್ಸ್ ಹಿಡಿದು ಕೆಳಗೆ ಹೋದಾಗ ಸತೀಶ್ ಅಂಕಲ್ ನಿಮ್ಮ ಕೋಣೆ ಖಾಲಿ ಮಾಡುತ್ತಿದ್ದರು.

"ಇದು ನೀನು ಅಪ್ಪನಿಗೆ ಓದ್ತಿದ್ದದ್ದಲ್ವಾ? ನೀನೇ ಇಟ್ಕೋ" ಎಂದು ಪುಸ್ತಕ ಕೊಟ್ಟರು. ಆಮೇಲೆ ಕೇಳಿದರು: "ಅಪ್ಪ ಇಲ್ಲಿ ಖುಷಿಯಲ್ಲಿ ಇದ್ರು ಅಲ್ವಾ ಸಫಿಯಾ? ಒಂದು ದಿನವಾದ್ರೂ ಊರಿಗೆ ಹೋಗ್ಬೇಕು ಅಂತ ಬಾಯಿ ಬಿಡ್ಲಿಲ್ಲ. ಬಿಟ್ಟಿದ್ರೆ ನಾನು ಮರುದಿನವೇ ಕರ್ಕೊಂಡು ಹೋಗ್ತಿದ್ದೆ."

"ಹೌದು ಅಂಕಲ್, ಖುಷಿಯಲ್ಲಿದ್ರು" ಎಂದೆ. ನನಗೆ ತಿಳಿದಿದ್ದದ್ದೂ ಅಷ್ಟೇ.

ಮಗುಚಿದ ಹಾಳೆಗಳನ್ನು ಬಿಡಿಸಿದ್ದು ಕಳೆದ ತಿಂಗಳು, ಯೂನಿವರ್ಸಿಟಿಗೆ ಹೋಗುವ ಬಸ್ಸಿನಲ್ಲಿ. ಪುಸ್ತಕದ ಬೇರೆಲ್ಲ ಪುಟಗಳೂ ಗರಿಗರಿಯಾಗಿವೆ. ಆ ಹನ್ನೊಂದು ಹಾಳೆಗಳ ಅಂಚು ಮಾತ್ರ ಹಳೆಯ ಬಟ್ಟೆಯಂತೆ ಮೆತ್ತಗಾಗಿದೆ. ಎಷ್ಟು ಸಲ ಓದಿದ್ದಿರಿ ಮಾಸ್ಟ್ರೇ? ಜೇಡಿಮಣ್ಣಿನ ಪುಟಗಳ ನಂತರ ಹೆಂಚು ಪರೀಕ್ಷಿಸುವ ಭಾಗ ಬರುತ್ತದೆ. ಸುಟ್ಟ ಹೆಂಚನ್ನು ಮುದುಕ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾನೆ; ಕಣ್ಣಿಗೆ ಕಾಣದ ಬಿರುಕು ಸದ್ದಿನಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿಗೆ ಬಂದಾಗ ನನಗೆ ನೀವು ಎತ್ತಿದ ಕೈ ನೆನಪಾಯಿತು. ನನ್ನ ವಾಕ್ಯವನ್ನು ಕೇಳಿದೊಡನೆಯೇ ನಿಮಗೆ...

ಅಧ್ಯಾಯದ ಕೊನೆಯಲ್ಲಿ ಮುದುಕ ಮಗಳ ಗಂಡನೊಡನೆ ಮಾತಾಡುತ್ತಾನೆ. ಇಡೀ ಪುಸ್ತಕದಲ್ಲಿ ಅವನು ತನಗಾಗಿ ಏನನ್ನಾದರೂ ಕೇಳುವುದು ಅಲ್ಲಿ ಮಾತ್ರ. "ನೀವು ನನಗೆ ಏನೂ ಕಡಿಮೆ ಮಾಡಲಿಲ್ಲ. ಅದಕ್ಕೇ ಕೇಳಲು ನಾಲಗೆ ಏಳುವುದಿಲ್ಲ. ಕೇಳಿದರೆ ಉಂಡ ಅನ್ನವನ್ನು ದೂರಿದಂತಾಗುತ್ತದೆ. ಆದರೂ ಕಾಲಿನಲ್ಲಿ ಬಲವಿರುವಾಗಲೇ ನನ್ನನ್ನು ಕಳುಹಿಸಿಬಿಡಿ. ಸತ್ತ ಮೇಲೆ ಯಾವ ಕಡಲಿಗೆ ಹಾಕಿದರೂ ಚಿಂತೆಯಿಲ್ಲ, ಆಗ ಹೋಗುವವನು ನಾನಲ್ಲ." ಪಾಣೆಮಂಗಳೂರಿನ ಹಳೆಯ ಸೇತುವೆಯ ಮೇಲೆ ಶಾಲೆಗೆ ನಡೆದುಹೋಗುತ್ತಿದ್ದುದನ್ನು ನೀವು ಅದೆಷ್ಟು ಸಲ ಹೇಳಿದ್ದಿರಿ! ಹಳೆಯ ನೆನಪು ಎಂದುಕೊಂಡಿದ್ದೆ. ಭಾನುವಾರ, ತೆರೆದ ಬಾಗಿಲು, ಸೋಫಾದಲ್ಲಿ ಮಗ. ಹದಿಮೂರು ಅಧ್ಯಾಯಗಳ ಕಾಲ ನೀವು ತಾಳ್ಮೆಯಿಂದ ಕಾದದ್ದು ನನ್ನ ಬಾಯಿಯಿಂದ ಆ ಐದು ವಾಕ್ಯ ಹೊರಡಲೆಂದು. ನಾನು ಬಿಟ್ಟಿದ್ದೇನೆಂದು ತಿಳಿದ ಮೇಲಾದರೂ ಗದರಬಾರದಿತ್ತೇ? ಅಬ್ಬನಿಗೆ ಗದರಿದಂತೆ ನನಗೂ ಒಮ್ಮೆ ಗದರಿದ್ದರೆ...

ಕಳೆದ ಭಾನುವಾರ ಮೂರು ಗಂಟೆಗೆ ನಾನು ಕೆಳಗೆ ಹೋದೆ. ಮೂರು ವಾರ ಹಿಂಜರಿದ ಮೇಲೆ ಹೋದೆ ಎಂಬುದನ್ನೂ ಹೇಳಬೇಕು. ಆ ಅಧ್ಯಾಯ ಓದಿ ಹೇಳದಿದ್ದರೆ ಸತೀಶ್ ಅಂಕಲ್ ಸಮಾಧಾನದಿಂದಲೇ ಬದುಕಬಹುದು. ಆ ಸಮಾಧಾನವನ್ನು ಕಿತ್ತುಕೊಳ್ಳಲು ನನಗೇನು ಹಕ್ಕು? ಆದರೆ ಅದನ್ನು ಕಟ್ಟಿಕೊಟ್ಟವಳೇ ನಾನಲ್ಲವೇ? ನೀವು ನನ್ನ ಕೈಗಿಟ್ಟಿದ್ದ ಮಾತನ್ನು ತಲುಪಿಸದೆ ಇಟ್ಟುಕೊಳ್ಳುವ ಹಕ್ಕೂ ನನಗಿರಲಿಲ್ಲ. ಸೋಫಾದ ಎದುರು ಕುಳಿತು ಹದಿನಾಲ್ಕನೆಯ ಅಧ್ಯಾಯವನ್ನು ಮಣ್ಣಿನಿಂದ ಹಿಡಿದು ಕೊನೆಯವರೆಗೆ ಓದಿದೆ. ಅವರು ಮೊದಲು ಫೋನ್ ನೋಡುತ್ತಿದ್ದರು. ಆಮೇಲೆ ನೋಡಲಿಲ್ಲ.

"ಇದನ್ನು ಅಪ್ಪನಿಗೆ ಓದಿದ್ದಾ?"

"ಇಲ್ಲ ಅಂಕಲ್. ಬಿಟ್ಟುಬಿಟ್ಟೆ."

"ಅಲ್ಲ, ನನಗೆ ಒಂದು ಸಾಲು ನೆನಪುಂಟು. ಬೇರೆ ಯಾವುದೂ ನಾನು ಸರಿ ಕೇಳಿದವನಲ್ಲ, ಅದೊಂದು ಕಿವಿಗೆ ಬಿತ್ತು. ಮುದುಕ ಸಂಪೂರ್ಣವಾಗಿ ಒಗ್ಗಿಹೋಗಿದ್ದ ಅಂತ. ಆವತ್ತು ನಾನು ಎಣಿಸಿದೆ, ನನ್ನ ಅಪ್ಪನೂ ಹಾಗೆಯೇ ಅಂತ. ಅದು ಎಲ್ಲಿ ಉಂಟು? ತೋರಿಸು."

"ಪುಸ್ತಕದಲ್ಲಿ ಇಲ್ಲ. ಅದು ನಾನು ಸೇರಿಸಿದ್ದು."

ವೀಣಾ ಆಂಟಿ ಚಹಾದ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತರು. ಅಂಕಲ್ ನನ್ನನ್ನು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಸತೀಶ್ ಅಂಕಲ್ ಕೈ ಚಾಚಿ, "ಪುಸ್ತಕ ಇಲ್ಲಿ ಇಟ್ಟು ಹೋಗು" ಎಂದರಷ್ಟೇ. ಅಬ್ಬನಿಗೂ ಎಲ್ಲವನ್ನೂ ಹೇಳಿದೆ. ಅವರು ಊಟ ಮಾಡದೆ ಎದ್ದರು. ನನ್ನ ಬಗ್ಗೆ ಅವರು ಯಾರೆದುರೂ "ಫಸ್ಟ್" ಎಂಬ ಪದ ಬಳಸದೆ ಇಂದಿಗೆ ಒಂದು ವಾರ.

ಇಂದು ಮತ್ತೆ ಭಾನುವಾರ. ಮಧ್ಯಾಹ್ನ ಕೆಳಗಿಳಿಯುತ್ತಿದ್ದಾಗ ನಿಮ್ಮ ಕೋಣೆಯಿಂದ ಧ್ವನಿ ಕೇಳಿಸಿತು. ಮಂಚವಿಲ್ಲದ ಆ ಖಾಲಿ ಕೋಣೆಯಲ್ಲಿ ನಿಮ್ಮ ಮಗ, ಇಪ್ಪತ್ತು ವರ್ಷಗಳಿಂದ ಕನ್ನಡ ಪುಸ್ತಕ ಮುಟ್ಟದವರು, ಗಟ್ಟಿಯಾಗಿ ಓದುತ್ತಿದ್ದರು. "ಬಾಗಿಲು ಹಾಕಿ ಓದಿ, ಎ.ಸಿ. ಹೋಗ್ತದೆ" ಎಂದರು ಆಂಟಿ. "ಹೋಗ್ಲಿ" ಎಂದರು ಅವರು. ನಾನು ಮೆಟ್ಟಿಲ ಮೇಲೆ ಕುಳಿತೆ. ಜೇಡಿಮಣ್ಣಿನ ಮೊದಲ ಪುಟದಲ್ಲೇ ಇದ್ದರು. ಅವರ ವೇಗದಲ್ಲಿ ಮುದುಕನ ಮಾತಿಗೆ ಮುಟ್ಟಲು ಇನ್ನೂ ಅದೆಷ್ಟು ಭಾನುವಾರಗಳೋ. ಮುಟ್ಟುವವರೆಗೆ ನಾನು ಅದೇ ಮೆಟ್ಟಿಲ ಮೇಲಿರುತ್ತೇನೆ, ಮಾಸ್ಟ್ರೇ, ಯಾವ ಪರೀಕ್ಷೆಯಿದ್ದರೂ.

ಒಂದು ಒತ್ತಕ್ಷರಕ್ಕೆ ಎಡವಿ ಅವರು ನಿಂತುಬಿಟ್ಟರು. ಎರಡು ಸಲ ಯತ್ನಿಸಿದರು, ಎರಡು ಸಲವೂ ತಪ್ಪಿತು. ಸರಿಯಾದ ಪದ ನನ್ನ ನಾಲಗೆಯ ತುದಿಯಲ್ಲಿತ್ತು. ತುಟಿ ಕಚ್ಚಿ ಕುಳಿತೆ. ಮೂರನೆಯ ಸಲಕ್ಕೆ ಅದು ಅವರಿಗೆ ಒಲಿಯಿತು. ಮುಂದಿನ ಪದಕ್ಕೆ ಹೋದರು.

ನಿಮ್ಮ ವಿದ್ಯಾರ್ಥಿನಿ,
ಸಫಿಯಾ