ಕಣಗಿಲೆ ಕಡ್ಡಿ ನೆನೆದ ನೀರು

೨೭ ನವೆಂಬರ್, ಶನಿವಾರ

ಸೊಂಟ ಮತ್ತೆ ಹಿಡಿದುಕೊಂಡಿದೆ. ಕಣಗಿಲೆ ಎರಡು, ದಾಸವಾಳ, ನಿಂಬೆ — ನಾಲ್ಕು ಕುಂಡಗಳೂ ಬಾಲ್ಕನಿಯಿಂದ ಮೆಟ್ಟಿಲಿಗೆ ಬಂದವು. ನಾಳೆ ಮೈನಸ್ ಏಳಂತೆ, ರೇಡಿಯೊದಲ್ಲಿ ಹೇಳಿದರು. ಪ್ರತಿ ವರ್ಷ ಇದೇ ಭಯ ನನಗೆ. ಒಂದು ದಿನ ತಡವಾದರೂ ದಾಸವಾಳದ ಎಲೆಯೆಲ್ಲ ಬೆಂದ ಸೊಪ್ಪಾಗಿ ಜೋತುಬೀಳುತ್ತದೆ.

ಎರಡನೆಯ ಮಹಡಿಗೂ ನನ್ನ ಮೂರನೆಯದಕ್ಕೂ ನಡುವಿನ ತಿರುವಿನಲ್ಲಿ, ದೊಡ್ಡ ಕಿಟಕಿಯ ಕೆಳಗೆ, ಬಿಲ್ಡಿಂಗಿನ ಗಿಡಗಳೆಲ್ಲ ಸೇರಿವೆ. ಬೆಳಕಿದೆ, ಎಂಟು ಡಿಗ್ರಿ ಇದೆ. ಮಾರ್ಚ್‌ವರೆಗೆ ನಿದ್ದೆ ಮಾಡಲಿ. ಕೆಳಮನೆಯ ತಿಹೋಮಿರ್ ಬಂದ. ಬಿಲ್ಡಿಂಗ್ ಸಂಘದ ಅಧ್ಯಕ್ಷನಲ್ಲವೇ, ಬರಲೇಬೇಕು.

"ಏನ್ ದೆಸಾಂಕಾ, ಇದು ಮೆಟ್ಲೋ ಆಫ್ರಿಕಾನೋ? ಬೆಂಕಿ ಬಿದ್ರೆ ಜನ ಎಲ್ಲಿ ಓಡ್ಬೇಕು?"

"ನಿನ್ ಹೆಂಡ್ತಿದೇ ಮೂರು ಕುಂಡ ಇವೆ ಇಲ್ಲಿ. ಮೊದ್ಲು ಅವನ್ನ ಎತ್ಕೊಂಡು ಓಡು."

ಗೊಣಗುತ್ತ ಹೋದ. ಆಮೇಲೆ ನಾಲ್ಕನೆಯ ಮಹಡಿಯ ಮಿಲುತಿನ್ ಮಾಮ ಹತ್ತಿ ಬಂದರು. ಎಂಬತ್ತೊಂದು ವರ್ಷ, ಲಿಫ್ಟ್ ಇಲ್ಲ. ಗಿಡಗಳ ಪಕ್ಕದ ನನ್ನ ಸ್ಟೂಲಿನಲ್ಲಿ ಕೂತು ದಮ್ಮು ತೆಗೆದುಕೊಂಡರು. ಹೃದಯ ಸೋತಿದೆ, ಕಾಲು ಊದುತ್ತದೆ. ದಿನಕ್ಕೆ ಒಂದೇ ಲೀಟರ್ ನೀರು ಎಂದು ಡಾಕ್ಟರ್ ಕಟ್ಟುಮಾಡಿದ್ದಾರೆ. ಮಗಳು ಯಾಸ್ನಾ ಅಳೆದು ಕೊಡುತ್ತಾಳೆ. ಮಾಮ ಅತ್ತ ಇತ್ತ ನೋಡಿ ಕಿಟಕಿ ಕಟ್ಟೆಯ ಬಾಟಲಿ ಎತ್ತಿ ಗಟಗಟ ಕುಡಿದರು. ಗಿಡಕ್ಕೆಂದು ನಾವು ಹಿಂದಿನ ದಿನ ಹಿಡಿದಿಡುವ ನೀರು ಅದು. ನಲ್ಲಿಯಿಂದ ನೇರ ತಣ್ಣೀರು ಹಾಕಿದರೆ ಬೇರು ಹೆದರುತ್ತದೆ.

"ದಾಸವಾಳದ ಪಾಲು ಕುಡೀತಿದೀರಿ ಮಾಮ."

"ದಾಸವಾಳ ಪುಣ್ಯ ಮಾಡಿದೆ ಕಣೆ, ಅದಕ್ಕೆ ಮಗಳಿಲ್ಲ. ಯಾಸ್ನಾಗೆ ಹೇಳ್ಬೇಡ."

ಹೇಳುವುದಿಲ್ಲ ಎಂದೆ. ಪಾಪ, ಬಾಯಾರಿಕೆಗೆ ಎಷ್ಟೆಂದು ತಡೆದಾರು.

೮ ಡಿಸೆಂಬರ್, ಬುಧವಾರ

ಅಕ್ಟೋಬರಿನಲ್ಲಿ ಕತ್ತರಿಸಿ ಬಾಟಲಿಯ ನೀರಿನಲ್ಲಿ ಇಟ್ಟಿದ್ದ ಕಣಗಿಲೆ ಕಡ್ಡಿಗಳು ಬೇರು ಬಿಟ್ಟಿವೆ. ಒಂಬತ್ತರಲ್ಲಿ ಏಳು! ಎಲ್ಲವನ್ನೂ ಮೊಸರಿನ ಡಬ್ಬಿಗಳಲ್ಲಿ ನೆಟ್ಟೆ. ನೀರು ಚೆಲ್ಲಲು ಮನಸ್ಸು ಬರಲಿಲ್ಲ. ಬೇರು ಬಿಡಿಸಿದ ನೀರು ಉಳಿದ ಗಿಡಕ್ಕೆ ಒಳ್ಳೆಯದು, ನಮ್ಮಮ್ಮನೂ ಚೆಲ್ಲುತ್ತಿರಲಿಲ್ಲ. ಬಟ್ಟೆಯಲ್ಲಿ ಸೋಸಿ, ಬಾಟಲಿಗೆ ತುಂಬಿ, ಕಿಟಕಿ ಕಟ್ಟೆಯ ಮೇಲೆ ಬೇರೆ ಬಾಟಲಿಗಳ ಜೊತೆ ಇಟ್ಟೆ. ನಾಳೆ ನಿಂಬೆಗೆ ಹಾಕಬೇಕು.

೯ ಡಿಸೆಂಬರ್, ಗುರುವಾರ. ಬೆಳಿಗ್ಗೆ ೧೧

ಆಂಬುಲೆನ್ಸ್ ಬಂದಿತ್ತು. ಮಿಲುತಿನ್ ಮಾಮನನ್ನು ಕುರ್ಚಿಯಲ್ಲಿ ಕಟ್ಟಿ ಇಳಿಸಿದರು. ಬೆಳಗಿನ ಜಾವದಿಂದ ವಾಂತಿಯಂತೆ. ದೀಪದ ಸುತ್ತ ಹಳದಿ ಕಾಣುತ್ತದೆ ಎನ್ನುತ್ತಿದ್ದರಂತೆ. ನನ್ನ ಬಾಗಿಲ ಮುಂದೆ ಹೋಗುವಾಗ ಕೈ ಎತ್ತಲು ನೋಡಿದರು, ಆಗಲಿಲ್ಲ.

ಮಧ್ಯಾಹ್ನ ೨

ನಿಂಬೆಗೆ ನೀರು ಹಾಕಲು ಇಳಿದೆ. ಕಣಗಿಲೆ ನೀರಿನ ಬಾಟಲಿ ಅರ್ಧ ಖಾಲಿ.

ಬೇರೆಯವೆಲ್ಲ ತುಂಬಿಯೇ ಇವೆ. ಇದು ಸ್ಟೂಲಿಗೆ ಹತ್ತಿರದ್ದು. ಯಾರಾದರೂ ಗಿಡಕ್ಕೆ ಹಾಕಿರಬಹುದೇ ಎಂದು ಎಲ್ಲ ಕುಂಡದ ಮಣ್ಣು ಮುಟ್ಟಿ ನೋಡಿದೆ. ಒಣಗಿದೆ. ಎಲ್ಲವೂ ಒಣಗಿದೆ.

ಕಣಗಿಲೆ ವಿಷ. ಮಕ್ಕಳಿಗೂ ಗೊತ್ತು. ಕತ್ತರಿಸಿದಾಗ ನಾನೇ ಕೈಗವಸು ಹಾಕಿಕೊಂಡಿದ್ದೆ. ಕಡ್ಡಿ ತೆಗೆದ ಮೇಲೆ ನೀರು ಬರೀ ನೀರಾಗಿ ಕಂಡಿತು ನನಗೆ. ಬುದ್ಧಿ ಎಲ್ಲಿತ್ತು?

ಬಾಟಲಿ ಮೇಲೆ ತಂದೆ. ಉಳಿದದ್ದನ್ನು ಸಿಂಕಿಗೆ ಸುರಿದು ಸೋಡಾ ಹಾಕಿ ಮೂರು ಸಲ ತೊಳೆದೆ. ಯಾಕೆ ತೊಳೆದೆನೋ. ಕೈ ತಾನಾಗಿ ಮಾಡಿತು.

ಸಂಜೆ ೬

ಯಾಸ್ನಾ ಬಂದು ನನ್ನ ಅಡುಗೆಮನೆಯಲ್ಲೇ ಕುಸಿದಳು. ಮಾಮನ ನಾಡಿ ಮೂವತ್ತೆಂಟು. ಹೃದಯದ ಮಾತ್ರೆ ಹೆಚ್ಚಾಗಿದೆ, ಲಕ್ಷಣವೆಲ್ಲ ಅದೇ ಎಂದರಂತೆ ಡಾಕ್ಟರ್.

"ವಾರದ ಮಾತ್ರೆ ಡಬ್ಬಿ ತುಂಬೋಳು ನಾನೇ, ದೆಸಾ ಚಿಕ್ಕಮ್ಮ. ಭಾನುವಾರ ಫೋನಲ್ಲಿ ಮಾತಾಡ್ತಾ ತುಂಬ್ದೆ. ಎರಡೆರಡು ಹಾಕ್ಬಿಟ್ನೇನೋ. ನಮ್ಮಪ್ಪಂಗೆ ನಾನೇ..."

ಹೇಳಬೇಕಿತ್ತು. ಆಗಲೇ ಹೇಳಬೇಕಿತ್ತು. ನಾಲಿಗೆ ಮೇಲೆ ಬಂದಿತ್ತು. "ಚಹಾ ಕುಡಿ" ಎಂದೆ.

೧೧ ಡಿಸೆಂಬರ್, ಶನಿವಾರ

ನಿನ್ನೆ ಬರೆಯಲಿಲ್ಲ. ಬಾಗಿಲು ಚಿಲಕ ಹಾಕಿಕೊಂಡು ಕೂತಿದ್ದೆ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ದೀಪ ಆರಿಸುತ್ತೇನೆ. ಪೊಲೀಸರು ಎಂದುಕೊಳ್ಳುತ್ತೇನೆ. ನನಗೆ ಅರವತ್ಮೂರು ವರ್ಷ ವಯಸ್ಸು, ಪೋಸ್ಟಾಫೀಸಿನ ಕೌಂಟರಿನಲ್ಲಿ ಒಂದು ಕಾಗದ ಕಳೆದವಳಲ್ಲ. ಈಗ ಕೊಲೆಗಾತಿಯೇ?

ಮಾತ್ರೆಯೇ ಇರಬಹುದು, ಅಲ್ಲವೇ? ಡಾಕ್ಟರೇ ಹೇಳಿದ್ದಾರೆ. ಮಾಮ ಒಂದು ಗುಟುಕಷ್ಟೇ ಕುಡಿದಿರಬಹುದು... ಅರ್ಧ ಬಾಟಲಿ ಒಂದು ಗುಟುಕಲ್ಲ, ದೆಸಾಂಕಾ.

ಮಧ್ಯಾಹ್ನ ನೋವಿ ಸಾದ್‌ನಿಂದ ಯಾಸ್ನಾಳ ಅಣ್ಣ ರಾಸ್ತ್ಕೊ ಬಂದ. ಮೆಟ್ಟಿಲಲ್ಲೇ ಕೂಗಾಡಿದ. ಬಾಗಿಲ ಹಿಂದೆ ನಿಂತು ಪ್ರತಿ ಮಾತೂ ಕೇಳಿದೆ.

"ಅಪ್ಪನ್ನ ನೋಡ್ಕೊಳೋದು ಹಿಂಗೇನೇ? ಫ್ಲಾಟ್ ನಿನ್ ಹೆಸ್ರಿಗಾಯ್ತು, ಇನ್ ಅಪ್ಪ ಯಾಕೆ ಅಂತಾನಾ?"

ಯಾಸ್ನಾ ಬಿಕ್ಕುತ್ತ ಮೇಲೆ ಹತ್ತಿದ್ದು ಕೇಳಿಸಿತು. ನಾನು ಬಾಗಿಲು ತೆಗೆಯಲಿಲ್ಲ. ಬಾಗಿಲಿನ ಹಿಡಿ ಕೈಯಲ್ಲೇ ಇತ್ತು. ಥೂ ನನ್ನ ಜನ್ಮಕ್ಕೆ.

೧೨ ಡಿಸೆಂಬರ್, ಭಾನುವಾರ. ಬೆಳಿಗ್ಗೆ ೯

ಬ್ರೆಡ್ ತರಲು ಇಳಿಯುವಾಗ ಯಾಸ್ನಾ ಸಿಕ್ಕಳು. ಮಾಮನ ನಾಡಿ ಮೂವತ್ನಾಲ್ಕಕ್ಕೆ ಇಳಿದಿದೆ. ಮಾತ್ರೆ ನಿಲ್ಲಿಸಿ ಮೂರು ದಿನವಾಯಿತು, ಏರಬೇಕಿತ್ತು, ಯಾಕೆ ಏರುತ್ತಿಲ್ಲವೋ ತಿಳಿಯುತ್ತಿಲ್ಲ ಎಂದರಂತೆ. ತಿಳಿಯುವುದು ಹೇಗೆ, ತಿಳಿದವಳು ಇಲ್ಲಿ ಬ್ರೆಡ್ ತರಲು ಹೊರಟಿದ್ದಾಳೆ.

ತಿರುಗಿ ಹತ್ತಿದೆ. ಆಸ್ಪತ್ರೆಗೆ ಫೋನ್ ಮಾಡಿದೆ. ನಂಬರ್ ಒತ್ತಲು ಎರಡು ಸಲ ತಪ್ಪಿದೆ. ಡ್ಯೂಟಿ ಡಾಕ್ಟರ್ ಹೆಂಗಸು, ಚಿಕ್ಕ ದನಿ. ಕಣಗಿಲೆ ಎಂದ ಕೂಡಲೇ ಅವಳ ಮಾತು ಚುರುಕಾಯಿತು.

"ಅದೂ ಆ ಮಾತ್ರೆ ಥರಾನೇ ಹೃದಯ ಹಿಡಿಯುತ್ತೆ, ಅಮ್ಮ. ಅದಕ್ಕೇ ನಮಗೆ ಗೊತ್ತಾಗ್ಲಿಲ್ಲ. ಎಷ್ಟು ಕುಡಿದಿದಾರೆ?"

"ಅರ್ಧ ಲೀಟರ್ ಇರ್ಬಹುದು."

"ಉಳಿದ ನೀರು ತನ್ನಿ, ಪರೀಕ್ಷೆಗೆ ಬೇಕು."

"ಚೆಲ್ಬಿಟ್ಟೆ."

"ಗಿಡದ ಎಲೆಯಾದ್ರೂ ತನ್ನಿ. ಬೆಲ್‌ಗ್ರೇಡಿನಿಂದ ಮದ್ದು ತರಿಸ್ತೀವಿ. ಬರುತ್ತೆ, ಆದ್ರೆ ಉಳೀತಾರೆ ಅಂತ ಗ್ಯಾರಂಟಿ ಕೊಡೋಕಾಗಲ್ಲ."

ಒಂದು ಕೊಂಬೆ ಕಡಿದು ಪೇಪರಿನಲ್ಲಿ ಸುತ್ತಿ ಟ್ಯಾಕ್ಸಿಯಲ್ಲಿ ಹೋಗಿ ಕೊಟ್ಟು ಬಂದೆ. ಗಾಜಿನಾಚೆ ಮಾಮನ ಕಾಲು ಮಾತ್ರ ಕಂಡಿತು. ದೇವರೇ, ಆ ಕಾಲು ಒಮ್ಮೆ ಅಲುಗಲಿ ಎಂದು ನಿಂತೆ. ನರ್ಸ್ ಪರದೆ ಎಳೆದಳು.

೧೩ ಡಿಸೆಂಬರ್, ಸೋಮವಾರ. ಸಂಜೆ ೪

ಬದುಕಿದರು. ನಾಡಿ ಐವತ್ತಾರು. ನೀರು ಕೊಡಿ ಎಂದು ನರ್ಸಿನ ಹತ್ತಿರ ಜಗಳ ಆಡಿದರಂತೆ.

ಯಾಸ್ನಾ ಆಸ್ಪತ್ರೆಯಿಂದ ನೇರ ನನ್ನ ಮನೆಗೆ ಬಂದಳು. ಬಯ್ಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಬಾಗಿಲು ತೆಗೆದೆ. ತಬ್ಬಿಕೊಂಡಳು.

"ಡಾಕ್ಟ್ರು ಎಲ್ಲ ಹೇಳಿದ್ರು. ಅಪ್ಪ ಕದ್ದು ಕುಡೀತಾರೆ ಅಂತ ನಂಗೇನ್ ಗೊತ್ತು. ತಪ್ಪು ಯಾರ್ದಾದ್ರೂ ಆಗಿರ್ಲಿ, ಬಾಟ್ಲಿ ಖಾಲಿ ಆಗಿದ್ದು ಕಂಡ ತಕ್ಷಣ ಫೋನ್ ಮಾಡಿದ್ರಲ್ಲ ಚಿಕ್ಕಮ್ಮ, ಅದು ದೊಡ್ಡದು. ರಾಸ್ತ್ಕೊ ನನ್ ಕಾಲು ಹಿಡಿದ, ತಪ್ಪಾಯ್ತು ಅಂದ. ಆದ್ರೂ ನೋಡಿ, ಮಾತ್ರೆ ಡಬ್ಬಿ ಮುಟ್ಟಿದ್ರೆ ಇವತ್ತಿಗೂ ಕೈ ನಡುಗುತ್ತೆ."

ತಕ್ಷಣ. ನಾನು ಸುಮ್ಮನೆ ತಲೆಯಾಡಿಸಿದೆ. ಆಮೇಲೆ ಅವಳು ಕೇಳಿದಳು.

"ಡಾಕ್ಟ್ರು ಕೇಸ್ ಪೇಪರಲ್ಲಿ ಬರ್ಕೋಬೇಕಂತೆ. ಬಾಟ್ಲಿ ನೀವು ನೋಡಿದ್ದು ಯಾವತ್ತು? ನಿನ್ನೆ ಬೆಳಿಗ್ಗೆ ತಾನೇ?"

"ನೆನಪಿಲ್ಲ ಕಣೆ. ಬರ್ದಿಟ್ಟಿರ್ತೀನಿ, ನೋಡ್ಬರ್ತೀನಿ" ಎಂದು ಒಳಗೆ ಬಂದೆ.

ಗುರುವಾರ, ಮಧ್ಯಾಹ್ನ ೨. ನನ್ನದೇ ಅಕ್ಷರ. ಅವಳು ನನ್ನ ಮೇಜಿನ ಮೇಲೆ ತಲೆಯಿಟ್ಟು ಅತ್ತದ್ದು ಅದೇ ದಿನ ಸಂಜೆ ೬. ಒಂದೇ ಹಾಳೆ. ಹರಿದರೆ ಯಾರಿಗೂ ತಿಳಿಯುವುದಿಲ್ಲ. ನಿನ್ನೆ ಎಂದರೆ ಅವಳು ನಂಬುತ್ತಾಳೆ, ನಂಬಿಯೇ ಬಿಟ್ಟಿದ್ದಾಳೆ.

ಆ ಕೈ ನಡುಗುವುದು ಮಾತ್ರ ನಿಲ್ಲುವುದಿಲ್ಲ. ಅವಳು ನಾಲ್ಕು ದಿನ ಅಪ್ಪನನ್ನು ಕೊಂದವಳಾಗಿ ಬದುಕಿದಳು. ನಾನು ನೋಡುತ್ತಿದ್ದೆ.

ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟಿದ್ದಾಳೆ. "ಸಿಕ್ತಾ ಚಿಕ್ಕಮ್ಮ?" ಎನ್ನುತ್ತಿದ್ದಾಳೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಈ ಪುಸ್ತಕವನ್ನೇ ಕೈಗೆ ಕೊಡುತ್ತೇನೆ. ಒಂಬತ್ತನೆಯ ತಾರೀಖು ತೆರೆದು ಕೊಡುತ್ತೇನೆ. ಓದಲಿ. ಬಂದಳು, ಕಾಫಿ ಕಪ್ ಹಿಡಿದು ಬಾಗಿಲಲ್ಲಿ —